ಕಾಂಬಿನೇಷನ್ ಇನ್‌ಹೇಲರ್ ಬಳಸುವ ಸರಿಯಾದ ಕ್ರಮ: ಅಸ್ತಮಾ ಮತ್ತು ಸಿಒಪಿಡಿ ಇರುವವರಿಗೆ ಸಮಗ್ರ ಮಾರ್ಗದರ್ಶಿ

ಎರಡು ಹೊತ್ತೂ ತಪ್ಪದೆ ಇನ್‌ಹೇಲರ್ ಎಳೆಯುತ್ತಿದ್ದರೂ ಉಬ್ಬಸ ಇಳಿಯುತ್ತಿಲ್ಲ ಎನ್ನುವವರ ಕೈಗೆ ಸಾಧನ ಕೊಟ್ಟು ‘ಹೇಗೆ ಎಳೀತೀರಿ, ಒಮ್ಮೆ ತೋರಿಸಿ’ ಎಂದರೆ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ. ಸ್ಪ್ರೇಯನ್ನು ಗಬಕ್ಕನೆ ಎಳೆಯುತ್ತಾರೆ, ಪುಡಿಯನ್ನು ಮೆಲ್ಲಗೆ ಎಳೆಯುತ್ತಾರೆ. ಆಗಬೇಕಾದ್ದು ಇದರ ಉಲ್ಟಾ. ಇದೊಂದು ಸರಿಹೋದರೆ ಎಷ್ಟೋ ಜನರಿಗೆ ಡೋಸ್ ಏರಿಸುವ ಪ್ರಸಂಗವೇ ಬರುವುದಿಲ್ಲ.

ಯಾವ ಔಷಧ, ಎಷ್ಟು ಪಫ್ ಎನ್ನುವುದು ನಿಮ್ಮ ವೈದ್ಯರು ಬರೆದುಕೊಟ್ಟ ಹಾಗೆಯೇ ಇರಲಿ. ಬರೆದುಕೊಟ್ಟದ್ದು ಗಂಟಲಲ್ಲೇ ಉಳಿಯದೆ ಶ್ವಾಸಕೋಶಕ್ಕೆ ಇಳಿಯಬೇಕಾದರೆ ಏನು ಮಾಡಬೇಕು ಎಂಬುದಷ್ಟೇ ಇಲ್ಲಿದೆ.

## ಹಂತ 1: ಕೈಯಲ್ಲಿರುವುದು ಏನೆಂದು ತಿಳಿದುಕೊಳ್ಳಿ

ಹೆಚ್ಚಿನ ಕಾಂಬಿನೇಷನ್ ಇನ್‌ಹೇಲರ್‌ಗಳಲ್ಲಿ ಎರಡು ಔಷಧಗಳಿರುತ್ತವೆ. ಒಂದು ಸ್ಟೀರಾಯ್ಡ್: ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಟಾಸೋನ್ ಇತ್ಯಾದಿ. ಇದು ಶ್ವಾಸನಾಳದ ಒಳಗಿನ ಊತ ಇಳಿಸುತ್ತದೆ, ಆದರೆ ಪೂರ್ತಿ ಪರಿಣಾಮ ಕಾಣಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಇನ್ನೊಂದು ನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸುವ ದೀರ್ಘಾವಧಿ ಔಷಧ: ಫಾರ್ಮೊಟೆರಾಲ್, ಸಾಲ್ಮೆಟೆರಾಲ್, ವಿಲಾಂಟೆರಾಲ್. ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಟಯೊಟ್ರೋಪಿಯಂ, ಗ್ಲೈಕೊಪಿರೋನಿಯಂ, ಯುಮೆಕ್ಲಿಡಿನಿಯಂ ಗುಂಪಿನ ಔಷಧವೂ ಸೇರಿರಬಹುದು. ಸಿಒಪಿಡಿಗೆ ಸ್ಟೀರಾಯ್ಡ್ ಇಲ್ಲದ ಜೋಡಿಯನ್ನೂ ಕೊಡುತ್ತಾರೆ.

ಸಾಲ್ಮೆಟೆರಾಲ್ ಅಥವಾ ವಿಲಾಂಟೆರಾಲ್ ಇರುವ ಇನ್‌ಹೇಲರ್ ಉಸಿರು ಕಟ್ಟಿದಾಗ ಎಳೆಯುವಂಥದ್ದಲ್ಲ. ಅದು ದಿನದ ಔಷಧ. ಹಠಾತ್ ಉಬ್ಬಸಕ್ಕೆ ಸಾಲ್ಬುಟಮಾಲ್‌ನಂಥ ತುರ್ತು ಇನ್‌ಹೇಲರ್ ಬೇರೆಯೇ ಇರಬೇಕು. ಫಾರ್ಮೊಟೆರಾಲ್ ಕೆಲವೇ ನಿಮಿಷಗಳಲ್ಲಿ ಕೆಲಸ ಶುರು ಮಾಡುವುದರಿಂದ ಸ್ಟೀರಾಯ್ಡ್ ಜೊತೆಗಿನ ಫಾರ್ಮೊಟೆರಾಲನ್ನು ಅಸ್ತಮಾದಲ್ಲಿ ತುರ್ತಿಗೂ ಬಳಸಲು ವೈದ್ಯರು ಹೇಳಬಹುದು. ಸಿಒಪಿಡಿಗೆ ಈ ಪದ್ಧತಿ ಇಲ್ಲ. ಹೆಸರು ಗೊತ್ತಿಲ್ಲದೆ ಬಣ್ಣ ನೋಡಿ ಇನ್‌ಹೇಲರ್ ಆರಿಸುವುದು ಅಪಾಯ. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ.

ಆಮೇಲೆ ಸಾಧನದ ಬಗೆ ನೋಡಿ. ಒತ್ತಿದರೆ ‘ಫುಸ್’ ಎನ್ನುವ ಡಬ್ಬಿ ಇರುವುದು ಸ್ಪ್ರೇ ಇನ್‌ಹೇಲರ್, ಅಂದರೆ ಎಂಡಿಐ. ಕ್ಯಾಪ್ಸೂಲ್ ಹಾಕುವ, ಲಿವರ್ ಸರಿಸುವ ಅಥವಾ ಬುಡ ತಿರುಗಿಸುವ ಬಗೆಯವು ಪುಡಿ ಇನ್‌ಹೇಲರ್‌ಗಳು, ಅಂದರೆ ಡಿಪಿಐ. ಬುಡ ತಿರುಗಿಸಿ, ಗುಂಡಿ ಒತ್ತಿದಾಗ ನಿಧಾನವಾಗಿ ಮಂಜು ಬರುವ ಸಾಫ್ಟ್ ಮಿಸ್ಟ್ ಸಾಧನವೂ ಉಂಟು. ಅದನ್ನೂ ಸ್ಪ್ರೇಯಂತೆ ನಿಧಾನವಾಗಿಯೇ ಎಳೆಯಬೇಕು.

### ಲೇಬಲ್ ಮೇಲಿನ ಅಂಕಿ

ಇಲ್ಲಿ ಎಡವುವವರು ಬಹಳ. ಬುಡೆಸೊನೈಡ್-ಫಾರ್ಮೊಟೆರಾಲ್ ಒಂದು ಕಡೆ 200/6 ಎಂದೂ ಇನ್ನೊಂದು ಕಡೆ 160/4.5 ಎಂದೂ ಇರುತ್ತದೆ. ಎರಡೂ ಒಂದೇ ಶಕ್ತಿಯವು. ಮೊದಲನೆಯದು ಸಾಧನದೊಳಗೆ ಅಳೆದ ಪ್ರಮಾಣ, ಎರಡನೆಯದು ಬಾಯಿತುದಿಯಿಂದ ಹೊರಬರುವ ಪ್ರಮಾಣ.

ಸಾಲ್ಮೆಟೆರಾಲ್-ಫ್ಲುಟಿಕಾಸೋನ್ ವಿಷಯ ಬೇರೆ. ಸ್ಪ್ರೇಯಲ್ಲಿ ಒಂದು ಪಫ್‌ಗೆ 25/125 ಮೈಕ್ರೊಗ್ರಾಂ ಇದ್ದರೆ ಸಾಮಾನ್ಯವಾಗಿ ಒಂದು ಹೊತ್ತಿಗೆ 2 ಪಫ್ ಹೇಳುತ್ತಾರೆ. ಅದೇ ಔಷಧ ಪುಡಿ ರೂಪದಲ್ಲಿ 50/250 ಬರುತ್ತದೆ. ಅದರಲ್ಲಿ ಒಂದು ಹೊತ್ತಿಗೆ ಒಂದೇ ಎಳೆತ. ಸ್ಪ್ರೇಯಿಂದ ಪುಡಿಗೆ ಬದಲಾದವರು ಹಳೆಯ ಅಭ್ಯಾಸದಲ್ಲಿ ಎರಡು ಎಳೆದರೆ ಡೋಸ್ ದುಪ್ಪಟ್ಟಾಗುತ್ತದೆ, ಕೈ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ. ಸಾಧನ ಬದಲಾದ ದಿನವೇ ‘ಒಂದು ಹೊತ್ತಿಗೆ ಎಷ್ಟು ಎಳೆತ’ ಎಂದು ಕೇಳಿ ಡಬ್ಬದ ಮೇಲೆ ಬರೆದಿಡಿ.

## ಹಂತ 2: ಬೇಕಾದ ವಸ್ತುಗಳು

ಇನ್‌ಹೇಲರ್, ಸ್ಪ್ರೇ ಆದರೆ ಒಂದು ಸ್ಪೇಸರ್ (ಇನ್‌ಹೇಲರ್ ಮತ್ತು ಬಾಯಿಯ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ), ಬಾಯಿ ಮುಕ್ಕಳಿಸಲು ನೀರು, ತೆರೆದ ದಿನಾಂಕ ಬರೆಯಲು ಪೆನ್ನು. ಅಸ್ತಮಾ ಇರುವವರ ಬಳಿ ಪೀಕ್ ಫ್ಲೋ ಮೀಟರ್ (ಜೋರಾಗಿ ಊದಿ ಉಸಿರಿನ ವೇಗ ಅಳೆಯುವ ಸಾಧನ) ಇದ್ದರೆ ಒಳ್ಳೆಯದು.

ಸ್ಪೇಸರ್ ಮಕ್ಕಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಬಿಡಿ. ಸ್ಪ್ರೇ ಬಳಸುವ ಯಾವ ವಯಸ್ಸಿನವರಿಗೂ ಅದು ಬೇಕು ಎಂಬುದೇ ನಮ್ಮ ಅಭಿಪ್ರಾಯ. ಡಬ್ಬಿಯಿಂದ ಔಷಧ ಭಾರಿ ವೇಗದಲ್ಲಿ ಚಿಮ್ಮುತ್ತದೆ. ನೇರವಾಗಿ ಬಾಯಿಗೆ ಹೊಡೆದರೆ ದೊಡ್ಡ ಪಾಲು ನಾಲಿಗೆ, ಗಂಟಲಿಗೆ ಅಂಟಿಕೊಳ್ಳುತ್ತದೆ. ಸ್ಪೇಸರ್‌ನಲ್ಲಿ ಆ ವೇಗ ತಗ್ಗುತ್ತದೆ, ದಪ್ಪ ಹನಿಗಳು ಅಲ್ಲೇ ಉಳಿದು ಸಣ್ಣವು ಒಳಗೆ ಹೋಗುತ್ತವೆ. ಬಾಯಿಹುಣ್ಣು, ದನಿ ಒಡೆಯುವುದು ಕಡಿಮೆಯಾಗುವುದೂ ಇದರಿಂದಲೇ. ಪುಡಿ ಇನ್‌ಹೇಲರ್‌ಗೆ ಮಾತ್ರ ಸ್ಪೇಸರ್ ಹಾಕಬಾರದು.

## ಹಂತ 3: ಸ್ಪ್ರೇಯನ್ನು ಸಿದ್ಧಪಡಿಸುವುದು

1. ಮುಚ್ಚಳ ತೆಗೆದು ಬಾಯಿತುದಿಯ ಒಳಗೆ ಇಣುಕಿ ನೋಡಿ. ಜೇಬು, ಚೀಲದಲ್ಲಿ ಮುಚ್ಚಳವಿಲ್ಲದೆ ಇಟ್ಟ ಇನ್‌ಹೇಲರ್‌ನೊಳಗೆ ನಾಣ್ಯ, ಮಾತ್ರೆ ಸೇರಿಕೊಳ್ಳುವುದುಂಟು. ಎಳೆದಾಗ ಅದು ನೇರ ಶ್ವಾಸನಾಳಕ್ಕೆ ಹೋಗುತ್ತದೆ.

2. ಡಬ್ಬಿ ತಣ್ಣಗಿದ್ದರೆ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಚಳಿಯಲ್ಲಿ ಒಳಗಿನ ಒತ್ತಡ ಇಳಿದು ಸ್ಪ್ರೇ ಸೊರಗುತ್ತದೆ. ಬಿಸಿನೀರಿಗೆ, ಬೆಂಕಿಯ ಬಳಿಗೆ ಒಯ್ಯಬೇಡಿ.

3. ಹೊಸದಾದರೆ, ನೆಲಕ್ಕೆ ಬಿದ್ದಿದ್ದರೆ ಅಥವಾ ಬಹಳ ದಿನ ಬಳಸದೆ ಇಟ್ಟಿದ್ದರೆ ಮುಖದಿಂದ ದೂರ ಹಿಡಿದು ಗಾಳಿಗೆ ಒಂದಿಷ್ಟು ಪಫ್ ಹೊಡೆಯಿರಿ. ಎಷ್ಟು ಎಂಬುದು ಔಷಧದ ಮೇಲೆ ಹೋಗುತ್ತದೆ: ಬುಡೆಸೊನೈಡ್-ಫಾರ್ಮೊಟೆರಾಲ್ ಸ್ಪ್ರೇಗೆ 2, ಫ್ಲುಟಿಕಾಸೋನ್-ಸಾಲ್ಮೆಟೆರಾಲ್ ಸ್ಪ್ರೇ ಹೊಸದಾದರೆ 4. ನಿಮ್ಮ ಡಬ್ಬದೊಳಗಿನ ಚೀಟಿಯಲ್ಲಿರುವ ಸಂಖ್ಯೆಯೇ ಅಂತಿಮ.

4. ಪ್ರತಿ ಪಫ್‌ಗೂ ಮುಂಚೆ ಐದಾರು ಸೆಕೆಂಡು ಚೆನ್ನಾಗಿ ಕುಲುಕಿ. ಕುಲುಕದಿದ್ದರೆ ಔಷಧ ತಳದಲ್ಲಿ ಕೂತು ಒಂದು ಪಫ್ ತೆಳ್ಳಗೆ, ಇನ್ನೊಂದು ದಟ್ಟವಾಗಿ ಬರುತ್ತದೆ.

## ಹಂತ 4: ಸ್ಪೇಸರ್ ಜೊತೆ ಎಳೆಯುವುದು

1. ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ ಅಥವಾ ನಿಂತುಕೊಳ್ಳಿ. ಗದ್ದ ತುಸು ಮೇಲಿರಲಿ. ಮಲಗಿ ಎಳೆಯಬೇಡಿ.

2. ಇನ್‌ಹೇಲರ್ ಕುಲುಕಿ ಸ್ಪೇಸರ್‌ನ ಹಿಂಬದಿಗೆ ಸಿಕ್ಕಿಸಿ. ಡಬ್ಬಿಯ ತಳ ಮೇಲ್ಮುಖವಾಗಿರಲಿ. ಅಡ್ಡ ಹಿಡಿದರೆ ಅಳತೆ ತಪ್ಪುತ್ತದೆ.

3. ಒಳಗಿದ್ದ ಉಸಿರನ್ನು ಆರಾಮವಾಗಿ ಆದಷ್ಟೂ ಹೊರಬಿಡಿ.

4. ಸ್ಪೇಸರ್‌ನ ಬಾಯಿತುದಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಿ. ನಾಲಿಗೆ ಕೆಳಗಿರಲಿ.

5. ಡಬ್ಬಿಯನ್ನು ಒಂದೇ ಸಲ ಒತ್ತಿ.

6. ತಡಮಾಡದೆ ನಿಧಾನವಾಗಿ, ಆಳವಾಗಿ 4–5 ಸೆಕೆಂಡು ಉಸಿರು ಎಳೆಯಿರಿ. ಕೆಲವು ಸ್ಪೇಸರ್‌ಗಳಲ್ಲಿ ವೇಗ ಹೆಚ್ಚಾದರೆ ಸೀಟಿ ಕೇಳುತ್ತದೆ. ಸೀಟಿ ಬಾರದಂತೆ ಎಳೆಯುವುದೇ ಸರಿ.

7. ಎಳೆದ ಉಸಿರನ್ನು 10 ಸೆಕೆಂಡು, ಆಗದಿದ್ದರೆ ಆಗುವಷ್ಟು ಹೊತ್ತು ಹಿಡಿಯಿರಿ. ಔಷಧದ ಕಣ ನಾಳದ ಗೋಡೆಗೆ ಕೂರುವುದು ಈ ಹೊತ್ತಿನಲ್ಲಿ.

8. ಮೆಲ್ಲಗೆ ಬಿಡಿ. ಎರಡನೇ ಪಫ್ ಇದ್ದರೆ 30 ಸೆಕೆಂಡಿನಿಂದ 1 ನಿಮಿಷ ಬಿಟ್ಟು ಕುಲುಕುವುದರಿಂದ ಮತ್ತೆ ಶುರು ಮಾಡಿ.

ಉಸಿರು ಹಿಡಿಯಲಾಗದ ವಯಸ್ಸಾದವರು, ಮಕ್ಕಳು ಒಂದು ಪಫ್ ಒತ್ತಿ ಸ್ಪೇಸರ್‌ನಲ್ಲೇ ಐದಾರು ಬಾರಿ ಸಹಜವಾಗಿ ಉಸಿರಾಡಿದರೆ ಸಾಕು. ಒಳಗಿನ ಕವಾಟ ಪ್ರತಿ ಉಸಿರಿಗೂ ಪಟಪಟ ಅಲುಗುವುದು ಕಾಣಬೇಕು. ಅಲುಗದಿದ್ದರೆ ತುಟಿಯ ಬಳಿ ಗಾಳಿ ಸೋರುತ್ತಿದೆ ಅಥವಾ ಕವಾಟ ಅಂಟಿಕೊಂಡಿದೆ. ಮಾಸ್ಕ್ ಹಾಕುವುದಾದರೆ ಮೂಗು, ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಬೇಕು. ಮುಗಿದ ಮೇಲೆ ಮುಖ ಒರೆಸಬೇಕು. ಅಳುತ್ತಿರುವ ಮಗುವಿಗೆ ಹಾಕಿದರೆ ಔಷಧ ಒಳಗೆ ಹೋಗುವುದು ಅತ್ಯಲ್ಪ.

ಸ್ಪೇಸರ್‌ಗೆ ಎರಡು ಪಫ್ ಒಟ್ಟಿಗೆ ಹೊಡೆದು ಒಂದೇ ಉಸಿರಿಗೆ ಎಳೆಯುವುದು ಸಮಯ ಉಳಿಸುವ ಉಪಾಯದಂತೆ ಕಾಣುತ್ತದೆ. ಕಣಗಳು ಒಂದಕ್ಕೊಂದು ಅಂಟಿ, ಗೋಡೆಗೆ ಹತ್ತಿ, ಎರಡು ಪಫ್‌ನ ಔಷಧ ಸಿಗುವುದೇ ಇಲ್ಲ.

### ಸ್ಪೇಸರ್ ಕೈಯಲ್ಲಿಲ್ಲದಾಗ

ಉಸಿರು ಹೊರಬಿಟ್ಟು, ತುಟಿ ಮುಚ್ಚಿ, ಎಳೆಯಲು ಶುರು ಮಾಡಿದ ಕ್ಷಣಕ್ಕೇ ಒತ್ತಿ, ಎಳೆಯುವುದನ್ನು ನಿಲ್ಲಿಸಬೇಡಿ. ಒತ್ತಿದ ಮೇಲೆ ಎಳೆದರೆ ಔಷಧ ಬಾಯಲ್ಲೇ ಉಳಿಯುತ್ತದೆ. ಎಳೆದು ಮುಗಿಯುವ ಹೊತ್ತಿಗೆ ಒತ್ತಿದರೆ ಗಂಟಲು ದಾಟುವುದಿಲ್ಲ. ತಣ್ಣನೆಯ ಸ್ಪ್ರೇ ಗಂಟಲಿಗೆ ತಗುಲಿದ ಕೂಡಲೇ ಉಸಿರು ತಡೆಯುವವರು ಅನೇಕರು; ತಡೆದ ಕ್ಷಣಕ್ಕೆ ಆ ಪಫ್ ಮುಗಿದಂತೆ. ಕನ್ನಡಿ ಮುಂದೆ ನಿಂತು ನೋಡಿ. ಬಾಯಿಯ ಅಂಚಿನಿಂದಲೋ ಮೂಗಿನಿಂದಲೋ ಬಿಳಿ ಹೊಗೆ ಎದ್ದರೆ ಅಷ್ಟು ಔಷಧ ಹೊರಗೆ ಹೋಯಿತು. ಬೆರಳಿನಲ್ಲಿ ಬಲ ಸಾಲದವರು ಎರಡೂ ಕೈ ಬಳಸಲಿ.

## ಹಂತ 5: ಪುಡಿ ಇನ್‌ಹೇಲರ್ ಎಳೆಯುವುದು

ಇಲ್ಲಿ ಪುಡಿಯನ್ನು ತಳ್ಳುವ ಗ್ಯಾಸ್ ಇಲ್ಲ. ಪುಡಿಯ ಉಂಡೆಯನ್ನು ಒಡೆದು ಸಣ್ಣ ಕಣ ಮಾಡುವುದು ನೀವು ಎಳೆಯುವ ಗಾಳಿಯ ರಭಸ. ಆದ್ದರಿಂದ ಮೊದಲ ಕ್ಷಣದಿಂದಲೇ ಜೋರಾಗಿ ಎಳೆಯಬೇಕು. ನಿಧಾನ ಶುರು ಮಾಡಿ ಕೊನೆಗೆ ಜೋರು ಮಾಡಿದರೆ ಆ ಹೊತ್ತಿಗೆ ಪುಡಿ ಉಂಡೆಯಾಗಿಯೇ ಗಂಟಲಿಗೆ ಬಿದ್ದಿರುತ್ತದೆ.

1. ಡೋಸ್ ಲೋಡ್ ಮಾಡಿ. ವಿಧಾನ ಸಾಧನಕ್ಕೊಂದು, ಕೆಳಗೆ ನೋಡಿ.

2. ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಪೂರ್ತಿ ಹೊರಬಿಡಿ. ಸಾಧನದೊಳಗೆ ಊದಲೇಬೇಡಿ. ಉಸಿರಿನ ತೇವಕ್ಕೆ ಪುಡಿ ಮುದ್ದೆಯಾಗುತ್ತದೆ, ಲೋಡ್ ಆದದ್ದು ಹಾರಿಯೂ ಹೋಗುತ್ತದೆ.

3. ತುಟಿ ಬಿಗಿದು, ಗಾಳಿಕಿಂಡಿಗಳಿಗೆ ಬೆರಳು ಅಡ್ಡ ಬಾರದಂತೆ ಹಿಡಿದು, ಒಂದೇ ದಮ್ಮಿಗೆ ಜೋರಾಗಿ, ಆಳವಾಗಿ ಎಳೆಯಿರಿ.

4. ಸಾಧನವನ್ನು ಬಾಯಿಂದ ತೆಗೆದು 10 ಸೆಕೆಂಡು ಉಸಿರು ಹಿಡಿಯಿರಿ.

ಕ್ಯಾಪ್ಸೂಲ್ ಬಗೆ: ಒಣ ಕೈಯಿಂದ, ಬಳಸುವ ಹೊತ್ತಿಗೇ ಕ್ಯಾಪ್ಸೂಲನ್ನು ಪಟ್ಟಿಯಿಂದ ಬಿಡಿಸಿ. ಕೆಲವು ಸಾಧನಗಳು ಕ್ಯಾಪ್ಸೂಲನ್ನು ಎರಡು ಹೋಳು ಮಾಡುತ್ತವೆ, ಕೆಲವು ಸೂಜಿಯಿಂದ ಚುಚ್ಚುತ್ತವೆ. ಚುಚ್ಚುವ ಗುಂಡಿಯನ್ನು ಒಮ್ಮೆ ಮಾತ್ರ ಒತ್ತಿ, ಪೂರ್ತಿ ಬಿಟ್ಟು ಎಳೆಯಿರಿ. ಮತ್ತೆ ಮತ್ತೆ ಒತ್ತಿದರೆ ಚೂರುಗಳು ಬಾಯಿಗೆ ಬರುತ್ತವೆ. ಎಳೆಯುವಾಗ ಒಳಗೆ ಕಟಕಟ ಅಥವಾ ಗುಂಯ್ ಸದ್ದು ಬರಬೇಕು. ಆಮೇಲೆ ತೆರೆದು ನೋಡಿ: ಪುಡಿ ಉಳಿದಿದ್ದರೆ ಅದೇ ಕ್ಯಾಪ್ಸೂಲನ್ನು ಇನ್ನೊಮ್ಮೆ ಎಳೆಯಿರಿ. ಈ ಕ್ಯಾಪ್ಸೂಲ್ ನುಂಗಿದರೆ ಶ್ವಾಸಕೋಶಕ್ಕೆ ಏನೂ ತಲುಪುವುದಿಲ್ಲ. ಮಾತ್ರೆಗಳ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟರೆ ಈ ತಪ್ಪು ಆಗುತ್ತದೆ.

ಲಿವರ್ ಬಗೆ (ಡಿಸ್ಕಸ್, ಅಕ್ಯುಹೇಲರ್): ಮಟ್ಟವಾಗಿ ಹಿಡಿದು ಲಿವರನ್ನು ‘ಕ್ಲಿಕ್’ ಎನ್ನುವವರೆಗೆ ಸರಿಸಿ. ಅಲ್ಲಿಂದ ಮುಂದೆ ಓರೆ ಮಾಡಬೇಡಿ, ಕುಲುಕಬೇಡಿ. ಸುಮ್ಮನೆ ಲಿವರ್ ಆಡಿಸಿದರೆ ಪ್ರತಿ ಸಲವೂ ಒಂದು ಡೋಸ್ ಹಾಳು.

ತಿರುಗಿಸುವ ಬಗೆ (ಟರ್ಬುಹೇಲರ್): ನೆಟ್ಟಗೆ ಹಿಡಿದು ಬುಡವನ್ನು ಒಂದು ಕಡೆ ಕೊನೆಯವರೆಗೆ, ಮತ್ತೆ ಹಿಂದಕ್ಕೆ ಕೊನೆಯವರೆಗೆ ತಿರುಗಿಸಿ. ಈ ನಡುವೆ ‘ಕ್ಲಿಕ್’ ಕೇಳಬೇಕು. ಕುಲುಕಿದಾಗ ಬರುವ ಸದ್ದು ತೇವ ಹೀರುವ ವಸ್ತುವಿನದು, ಖಾಲಿಯಾದ ಮೇಲೂ ಬರುತ್ತಲೇ ಇರುತ್ತದೆ. ಅದನ್ನು ನಂಬಿ ವಾರಗಟ್ಟಲೆ ಖಾಲಿ ಸಾಧನ ಎಳೆಯುವವರಿದ್ದಾರೆ.

ಮುಚ್ಚಳ ತೆರೆದರೆ ಲೋಡ್ ಆಗುವ ಬಗೆ (ಎಲಿಪ್ಟಾ): ತೆರೆದು ಎಳೆಯದೆ ಮುಚ್ಚಿದರೆ ಆ ಡೋಸ್ ಹೋಯಿತು. ಎಳೆಯುವ ಮುಂಚೆ ಮಾತ್ರ ತೆರೆಯಿರಿ.

ಪುಡಿಯ ರುಚಿಯಾಗಲೀ ಸ್ಪರ್ಶವಾಗಲೀ ಗೊತ್ತಾಗದೆ ಇರಬಹುದು. ಬಂತೋ ಇಲ್ಲವೋ ಎಂದು ಇನ್ನೊಂದು ಎಳೆಯಬೇಡಿ, ಉಳಿದ ಡೋಸ್ ತೋರಿಸುವ ಕೌಂಟರ್ ನೋಡಿ. ಸಿಒಪಿಡಿ ಮುಂದುವರಿದವರಲ್ಲಿ, ಉಬ್ಬಸ ಜೋರಾಗಿರುವಾಗ ಈ ರಭಸ ಸಿಗದೆ ಹೋಗಬಹುದು. ಅಂಥವರು ಸ್ಪ್ರೇ ಮತ್ತು ಸ್ಪೇಸರ್‌ಗೆ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಬೇಕು. ಬೆಳಗಿನದು ಪುಡಿ, ತುರ್ತಿನದು ಸ್ಪ್ರೇ ಎಂದು ಎರಡು ಬಗೆ ಇದ್ದಾಗ ಎಳೆಯುವ ವೇಗ ಅದಲುಬದಲಾಗುವುದು ಬಹಳ ಸಾಮಾನ್ಯ. ಸಾಧ್ಯವಿದ್ದರೆ ಎರಡೂ ಒಂದೇ ಬಗೆಯದಿರಲಿ ಎಂದು ಕೇಳಿ.

## ಹಂತ 6: ಬಾಯಿ ಮುಕ್ಕಳಿಸಿ, ಉಗುಳಿ

ಸ್ಟೀರಾಯ್ಡ್ ಇರುವ ಇನ್‌ಹೇಲರ್ ಎಳೆದ ಪ್ರತಿ ಸಲವೂ ಬಾಯಿ ಮುಕ್ಕಳಿಸಿ, ಗಂಟಲು ಗಳಗಳ ಮಾಡಿ, ನೀರು ಉಗುಳಿ. ಕುಡಿಯಬೇಡಿ. ಹಲ್ಲುಜ್ಜುವ ಮೊದಲು ಇನ್‌ಹೇಲರ್ ಎಳೆಯುವ ರೂಢಿ ಮಾಡಿಕೊಂಡರೆ ಎರಡೂ ಒಟ್ಟಿಗೆ ಆಗುತ್ತವೆ, ಡೋಸ್ ಮರೆಯುವುದೂ ತಪ್ಪುತ್ತದೆ. ಕಟ್ಟಿಸಿದ ಹಲ್ಲು ಇದ್ದರೆ ಅದನ್ನೂ ತೊಳೆಯಿರಿ.

ನಾಲಿಗೆ, ಕೆನ್ನೆಯ ಒಳಭಾಗದಲ್ಲಿ ಮೊಸರಿನಂಥ ಬಿಳಿ ಪದರ ಕಂಡರೆ ಅದು ಶಿಲೀಂಧ್ರದ ಸೋಂಕು. ಔಷಧದಿಂದ ವಾಸಿಯಾಗುತ್ತದೆ, ಇನ್‌ಹೇಲರ್ ನಿಲ್ಲಿಸಬೇಕಿಲ್ಲ.

## ಹಂತ 7: ದಿನದ ಲೆಕ್ಕ

ಹೆಚ್ಚಿನವು 12 ಗಂಟೆಗೊಮ್ಮೆ. ವಿಲಾಂಟೆರಾಲ್ ಇರುವವು ದಿನಕ್ಕೊಮ್ಮೆ. ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಿ, ಎರಡನ್ನು ಸೇರಿಸಬೇಡಿ.

ಬುಡೆಸೊನೈಡ್-ಫಾರ್ಮೊಟೆರಾಲ್ 160/4.5 ಅನ್ನು ತುರ್ತಿಗೂ ಬಳಸಲು ಹೇಳಿದ್ದರೆ, 12 ವರ್ಷ ಮೇಲ್ಪಟ್ಟವರಿಗೆ ಬೆಳಿಗ್ಗೆ-ರಾತ್ರಿಯದನ್ನೂ ಸೇರಿಸಿ ದಿನಕ್ಕೆ 12 ಎಳೆತ ಮೇರೆ. ಆ ಮೇರೆಯ ಕಡೆ ಹೋಗುತ್ತಿರುವುದೇ ವೈದ್ಯರನ್ನು ಅಂದೇ ಕಾಣಬೇಕೆಂಬ ಸೂಚನೆ. ಸಾಲ್ಮೆಟೆರಾಲ್ ಇರುವುದನ್ನು ಹೀಗೆ ಹೆಚ್ಚಿಸಿಕೊಳ್ಳುವಂತಿಲ್ಲ.

ಆರಾಮಾಯಿತು ಎಂದು ನಿಲ್ಲಿಸುವುದೇ ಅತ್ಯಂತ ದೊಡ್ಡ ತಪ್ಪು. ಉಸಿರು ಸಲೀಸಾದದ್ದು ಔಷಧದಿಂದ. ನಿಲ್ಲಿಸಿದರೆ ಊತ ಸದ್ದಿಲ್ಲದೆ ಮರಳುತ್ತದೆ. ಕಡಿಮೆ ಮಾಡುವುದಿದ್ದರೆ ವೈದ್ಯರ ಜೊತೆ ಹಂತಹಂತವಾಗಿ ಮಾಡಿ.

## ಹಂತ 8: ಸ್ವಚ್ಛತೆ ಮತ್ತು ಕೌಂಟರ್

ಸ್ಪೇಸರನ್ನು ಮೊದಲ ಬಳಕೆಗೆ ಮುಂಚೆ, ಆಮೇಲೆ ಅದರ ಚೀಟಿಯಲ್ಲಿ ಹೇಳಿದಷ್ಟು ದಿನಕ್ಕೊಮ್ಮೆ, ಬೆಚ್ಚನೆ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ನೆನೆಸಿ, ಗಾಳಿಗೆ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿ ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧವನ್ನು ಗೋಡೆಗೆ ಎಳೆದುಕೊಳ್ಳುತ್ತದೆ. ಪುಡಿ ಇನ್‌ಹೇಲರ್‌ಗೆ ನೀರು ಸೋಕಿಸದೆ ಒಣ ಬಟ್ಟೆಯಲ್ಲಿ ಬಾಯಿತುದಿ ಒರೆಸಿ, ಬಚ್ಚಲುಮನೆಯಿಂದ ದೂರ ಇಡಿ. ಸ್ಪ್ರೇಯನ್ನು ತೊಳೆಯಬಹುದೋ ಬರೀ ಒರೆಸಬೇಕೋ ಎಂಬುದು ಬ್ರಾಂಡಿಗೊಂದು, ಚೀಟಿ ಓದಿ.

ಡಬ್ಬಿ ನೀರಲ್ಲಿ ತೇಲುತ್ತದೋ ಮುಳುಗುತ್ತದೋ ಎಂದು ನೋಡುವ ಹಳೆಯ ಪರೀಕ್ಷೆ ನಂಬುವಂಥದ್ದಲ್ಲ. ಔಷಧ ಮುಗಿದ ಮೇಲೂ ಗ್ಯಾಸ್ ಉಳಿದು ಫುಸ್ ಎನ್ನುತ್ತದೆ. ಕೌಂಟರ್ 0 ಆದರೆ ಖಾಲಿ, ಅಷ್ಟೇ. ಕೌಂಟರ್ ಇಲ್ಲದ ಡಬ್ಬಿಗೆ ಲೆಕ್ಕ ಹಾಕಿ: 120 ಪಫ್‌ನದ್ದು, ದಿನಕ್ಕೆ 4 ಎಂದರೆ 30 ದಿನ. ತೆರೆದ ಮೇಲಿನ ಆಯುಸ್ಸೂ ಬೇರೆ ಇರುತ್ತದೆ. ಎಲಿಪ್ಟಾವನ್ನು, ಅದು ಬರುವ ಮುಚ್ಚಿದ ತಟ್ಟೆ ತೆರೆದ 6 ವಾರಕ್ಕೆ, ಡೋಸ್ ಉಳಿದಿದ್ದರೂ, ಎಸೆಯಬೇಕು.

## ಉಸಿರು ಕಟ್ಟಿದಾಗ

ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸಾಲ್ಬುಟಮಾಲ್ ಸ್ಪ್ರೇಯನ್ನು ಸ್ಪೇಸರ್ ಮೂಲಕ ಒಂದೊಂದಾಗಿ 4 ಪಫ್ ಕೊಡಿ, ಅಥವಾ ವೈದ್ಯರು ಬರೆದುಕೊಟ್ಟ ತುರ್ತು ಯೋಜನೆಯಲ್ಲಿರುವಂತೆ ಮಾಡಿ. ಇಳಿಯದಿದ್ದರೆ ಆಂಬುಲೆನ್ಸ್ ಕರೆದು, ಅದು ಬರುವವರೆಗೆ ಮತ್ತೆ ಕೊಡುತ್ತಿರಿ.

ಈ ಲಕ್ಷಣ ಕಂಡರೆ ಪಫ್‌ನ ಫಲಕ್ಕೆ ಕಾಯಬೇಡಿ, ಮೊದಲು ಕರೆ ಮಾಡಿ: ಒಂದು ವಾಕ್ಯ ಪೂರ್ತಿ ಆಡಲಾಗದಿರುವುದು, ತುಟಿ-ಉಗುರು ನೀಲಿಯಾಗುವುದು, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆಯುವುದು, ಮಂಪರು, ಗೊಂದಲ. ಗೂರಲಿನ ಸದ್ದು ನಿಂತು ಆಯಾಸ ಹೆಚ್ಚಿದರೆ ಅದು ವಾಸಿಯಾದದ್ದಲ್ಲ, ಗಾಳಿಯೇ ಆಡುತ್ತಿಲ್ಲ. ಪೀಕ್ ಫ್ಲೋ ನಿಮ್ಮ ಅತ್ಯುತ್ತಮ ಅಂಕಿಯ 50%ಕ್ಕಿಂತ ಕೆಳಗಿಳಿದರೂ ಹೀಗೇ ಮಾಡಿ.

## ಡೋಸ್ ಏರಿಸುವ ಮುಂಚೆ ನೋಡಬೇಕಾದವು

ತುರ್ತು ಇನ್‌ಹೇಲರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ, ರಾತ್ರಿ ಕೆಮ್ಮಿ ಏಳುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ. ಹೊಸ ಔಷಧ ಕೇಳುವ ಮೊದಲು ಇನ್‌ಹೇಲರ್, ಸ್ಪೇಸರ್ ಎರಡನ್ನೂ ಒಯ್ದು ವೈದ್ಯರ ಮುಂದೆಯೇ ಎಳೆದು ತೋರಿಸಿ. ಬಾಯಲ್ಲಿ ವಿವರಿಸಿದರೆ ತಪ್ಪು ಹೊರಬೀಳುವುದಿಲ್ಲ.

ಬಳಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನೂ ಒಯ್ಯಿರಿ. ರಕ್ತದೊತ್ತಡಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್‌ಗಳು, ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಕೂಡ ಶ್ವಾಸನಾಳವನ್ನು ಬಿಗಿಯಬಲ್ಲವು. ಕಣ್ಣಿನ ಹನಿಯನ್ನು ಯಾರೂ ಔಷಧವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್ ಆಗುವುದಿಲ್ಲ. ಧೂಮಪಾನ ಮುಂದುವರಿದರೆ ಸ್ಟೀರಾಯ್ಡ್‌ನ ಬಲ ಕುಗ್ಗುತ್ತದೆ.

ಸಿಒಪಿಡಿ ಇರುವವರು ಇನ್ನೊಂದನ್ನು ಗಮನಿಸಬೇಕು. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಅವರಲ್ಲಿ ನ್ಯುಮೋನಿಯಾ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಜ್ವರ, ಕಫದ ಬಣ್ಣ ಹಳದಿ-ಹಸಿರಿಗೆ ತಿರುಗುವುದು, ಪ್ರಮಾಣ ಹೆಚ್ಚುವುದು ಕಂಡರೆ ಮಾಮೂಲಿ ಉಬ್ಬಸವೆಂದು ಪಫ್ ಹೆಚ್ಚಿಸುತ್ತಾ ಕೂರದೆ ಎದೆ ಪರೀಕ್ಷೆ ಮಾಡಿಸಿ. ಟಯೊಟ್ರೋಪಿಯಂ ಗುಂಪಿನ ಔಷಧ ಸೇರಿದ್ದರೆ ಮೂತ್ರ ಕಟ್ಟುವುದು, ಕಣ್ಣು ನೋವು, ಮಬ್ಬು ದೃಷ್ಟಿ ಕಾಣಿಸಿದ ದಿನವೇ ವೈದ್ಯರಿಗೆ ತಿಳಿಸಿ.